ಪಿಎಸ್‌ಐ, ಬಾರ್, ಕಿಲೋಪಾಸ್ಕಲ್: ಬಾಯಿಲೆಕ್ಕ ಹಾಕುವುದು ಹೇಗೆ?

ಮಂಗಳೂರಿನ ಪೆಟ್ರೋಲ್ ಬಂಕ್‌ನಲ್ಲಿ ಗಾಳಿ ಹಾಕುವವರಿಗೆ ‘ಮೂವತ್ಮೂರು’ ಅಂದರೆ ಸಾಕು. ಅದು ಪಿಎಸ್‌ಐ ಲೆಕ್ಕ, ಒಂದು ಚದರ ಇಂಚಿನ ಮೇಲೆ ಇಷ್ಟು ಪೌಂಡ್ ಒತ್ತಡ ಅಂತ. ಆದರೆ ಕಾರಿನ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿ 230 ಕಿಲೋಪಾಸ್ಕಲ್ ಅಂತಿರುತ್ತದೆ. ಅಣ್ಣ ದುಬೈಯಿಂದ ತಂದ ಪುಟ್ಟ ಕಂಪ್ರೆಸರ್ ಬಾರ್‌ನಲ್ಲಿ ತೋರಿಸುತ್ತದೆ. ಪ್ರತಿ ಸಲ ಮೊಬೈಲ್ ತೆಗೆಯಬೇಕಾಗಿಲ್ಲ.

ಮೊದಲು ಪಿಎಸ್‌ಐಯನ್ನು ಕಿಲೋಪಾಸ್ಕಲ್‌ಗೆ ತನ್ನಿ. 1 ಪಿಎಸ್‌ಐ ಅಂದರೆ 6.895 ಕಿಲೋಪಾಸ್ಕಲ್. ನೀವು 7ರಿಂದ ಗುಣಿಸಿ, ಬಂದದ್ದರಲ್ಲಿ ನೂರಕ್ಕೆ ಒಂದೂವರೆಯಂತೆ ಕಳೆಯಿರಿ. 33ನ್ನು 7ರಿಂದ ಗುಣಿಸಿದರೆ 231. ಮೂರೂವರೆ ಕಳೆದರೆ 227.5. ತಿರುಗಿ ಬರುವಾಗ 7ರಿಂದ ಭಾಗಿಸಿ ಚೂರು ಸೇರಿಸಿ: 230 ಅಂದರೆ 33.4 ಪಿಎಸ್‌ಐ.

ಬಾರ್ ಇನ್ನೂ ಸುಲಭ. 100 ಕಿಲೋಪಾಸ್ಕಲ್‌ಗೆ 1 ಬಾರ್, ಹಾಗಾಗಿ 230 ಎಂದರೆ 2.3. ಬಾರ್‌ನಿಂದ ನೇರ ಪಿಎಸ್‌ಐಗೆ ಹೋಗಲು 14.5ರಿಂದ ಗುಣಿಸಿ.

ಪಂಪಿನ ಗೇಜ್‌ಗಳಲ್ಲಿ ಇನ್ನೊಂದು ಅಳತೆ ಇರುತ್ತದೆ: ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ. ಇದು 14.22 ಪಿಎಸ್‌ಐ, ಅಂದರೆ ಬಾರ್‌ಗಿಂತ ನೂರಕ್ಕೆ ಎರಡರಷ್ಟು ಕಡಿಮೆ. ಮನೆ ಕೆಲಸಕ್ಕೆ ಎರಡೂ ಒಂದೇ ಅಂದುಕೊಂಡರೆ ತೊಂದರೆಯಿಲ್ಲ.

ಈ ಲೆಕ್ಕ ನಿಜಕ್ಕೂ ಉಪಯೋಗಕ್ಕೆ ಬರುವುದು ತಾರಸಿಯ ನೀರಿನ ಟ್ಯಾಂಕಿಗೆ. ಹೊಸ ವಾಷಿಂಗ್ ಮೆಷಿನ್‌ನ ಪುಸ್ತಕದಲ್ಲಿ ಕನಿಷ್ಠ 0.5 ಬಾರ್ ಬೇಕು ಅಂತ ಬರೆದಿದೆ ಅಂದುಕೊಳ್ಳಿ. ಉಡುಪಿಯ ನಿಮ್ಮ ಮನೆಯಲ್ಲಿ ಅಷ್ಟಿದೆಯೇ? ನಲ್ಲಿಯಿಂದ ಟ್ಯಾಂಕಿನ ನೀರಿನ ಮಟ್ಟದವರೆಗೆ ಎತ್ತರ ಅಳೆಯಿರಿ. ಪ್ರತಿ ಮೀಟರಿಗೆ 9.8 ಕಿಲೋಪಾಸ್ಕಲ್, ಪ್ರತಿ ಅಡಿಗೆ 0.433 ಪಿಎಸ್‌ಐ. 6 ಮೀಟರಿಗೆ ಸುಮಾರು 59 ಕಿಲೋಪಾಸ್ಕಲ್, ಅಂದರೆ 0.59 ಬಾರ್ ಅಥವಾ ಎಂಟೂವರೆ ಪಿಎಸ್‌ಐ. ನಲ್ಲಿ ತೆರೆದಾಗ ಪೈಪಿನ ತಿರುವುಗಳಲ್ಲಿ ಒಂದಿಷ್ಟು ಹೋಗುತ್ತದೆ. ಮೇಲಿನ ಮಹಡಿಯಲ್ಲಿ ಎತ್ತರ 2 ಮೀಟರೇ ಆದರೆ 0.2 ಬಾರ್ ಕೂಡ ಸಿಗುವುದಿಲ್ಲ. ಆಗ ಪ್ರೆಶರ್ ಪಂಪ್ ಬೇಕೇ ಬೇಕು. ಸಾವಿರ ಲೀಟರಿನ ಬದಲು ಎರಡು ಸಾವಿರ ಲೀಟರಿನ ಟ್ಯಾಂಕ್ ಇಟ್ಟರೆ ಒತ್ತಡ ಜಾಸ್ತಿಯಾಗುತ್ತದೆ ಅನ್ನುವವರಿದ್ದಾರೆ. ಸುಮ್ನೆ ದುಡ್ಡು ದಂಡ. ಒತ್ತಡ ಕೊಡುವುದು ನೀರಿನ ಎತ್ತರ, ಲೀಟರ್ ಅಲ್ಲ.

ಹವಾಮಾನ ವರದಿಯ 1013 ಹೆಕ್ಟೋಪಾಸ್ಕಲ್ ಎಂದರೆ 101.3 ಕಿಲೋಪಾಸ್ಕಲ್, 14.7 ಪಿಎಸ್‌ಐ. ಸಮುದ್ರಮಟ್ಟದಲ್ಲಿ ನಮ್ಮ ಸುತ್ತ ಸಾಮಾನ್ಯವಾಗಿ ಇರುವುದೇ ಇಷ್ಟು. ಟಯರ್ ಗೇಜ್ ಇದನ್ನು ಸೊನ್ನೆ ಅಂತ ಹಿಡಿದು, ಅದಕ್ಕಿಂತ ಮೇಲಿನದ್ದನ್ನಷ್ಟೇ ತೋರಿಸುತ್ತದೆ. ಹಾಗಾಗಿ ಆ ಎರಡು ಅಂಕಿಗಳನ್ನು ಹೋಲಿಸಬೇಡಿ.

ಇನ್ನೊಂದು, ಸ್ಟಿಕ್ಕರ್‌ನ ಅಂಕಿ ತಣ್ಣಗಿರುವ ಟಯರಿಗೆ. ಏಪ್ರಿಲ್ ಬಿಸಿಲಲ್ಲಿ ಉಡುಪಿಯಿಂದ ಮಂಗಳೂರಿಗೆ ಬಂದಿಳಿದ ಕೂಡಲೇ ಅಳೆದರೆ ಜಾಸ್ತಿಯೇ ಬರುತ್ತದೆ. ಆಗ ಗಾಳಿ ಬಿಡಬೇಡಿ, ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ನೋಡಿ.