ಹೊಸ ಲ್ಯಾಪ್‌ಟಾಪ್ ತಂದ ದಿನವೇ ಬೇಡದ್ದನ್ನೆಲ್ಲ ತೆಗೆದುಬಿಡಿ

ಅಕ್ಕನ ಮಗಳು ಎಂಜಿನಿಯರಿಂಗ್ ಸೇರಿದಾಗ ಅವಳಿಗೊಂದು ಹೊಸ ಲ್ಯಾಪ್‌ಟಾಪ್ ಕೊಡಿಸಿದರು. ತಿಂಗಳಾದ ಮೇಲೆ ಹೋಗಿ ನೋಡಿದರೆ, ಪರದೆಯ ಮೂಲೆಯಲ್ಲಿ ಪದೇ ಪದೇ ಕೆಂಪು ಎಚ್ಚರಿಕೆ. ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಈಗಲೇ ಹಣ ಕಟ್ಟಿ ಅಂತ. ಅಕ್ಕ ಹೆದರಿ ಕಟ್ಟಿಯೂ ಬಿಟ್ಟಿದ್ದಳು. ಆ ಆ್ಯಂಟಿವೈರಸ್ಸನ್ನು ಮನೆಯಲ್ಲಿ ಯಾರೂ ಕೇಳಿ ಹಾಕಿಸಿಕೊಂಡಿರಲಿಲ್ಲ, ಡಬ್ಬ ಬಿಚ್ಚಿದಾಗಲೇ ಒಳಗಿತ್ತು. ಇದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ಹಾಗಾಗಿ ಫೋಟೊ, ಫೈಲು ಏನೂ ತುಂಬುವ ಮೊದಲೇ, ತಂದ ದಿನವೇ ಕೂತು ಈ ಕೆಲಸ ಮುಗಿಸಿ.

ಏನನ್ನಾದರೂ ತೆಗೆಯುವ ಮುಂಚೆ ಒಂದು ಮಾತು. ಲ್ಯಾಪ್‌ಟಾಪ್ ಜೊತೆ ಎಂ.ಎಸ್. ಆಫೀಸ್ ಕೊಟ್ಟಿದ್ದರೆ ಅದನ್ನು ಮೊದಲು ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಕೊಳ್ಳಿ. ಅದಕ್ಕೆ ನೀವು ದುಡ್ಡು ಕೊಟ್ಟಿದ್ದೀರಿ, ಕಳೆದುಕೊಳ್ಳಬೇಡಿ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್ಸ್ ಒಳಗೆ ಇನ್‌ಸ್ಟಾಲ್ಡ್ ಆ್ಯಪ್ಸ್ ತೆರೆಯಿರಿ. ಬೇಡದ ಆ್ಯಪ್‌ನ ಪಕ್ಕದ ಮೂರು ಚುಕ್ಕಿ ಒತ್ತಿದರೆ ಅನ್‌ಇನ್‌ಸ್ಟಾಲ್ ಸಿಗುತ್ತದೆ. ಮೊದಲು ಟ್ರಯಲ್ ಆ್ಯಂಟಿವೈರಸ್, ಅಂದರೆ ಕೆಲವು ದಿನ ಉಚಿತವಾಗಿದ್ದು ಆಮೇಲೆ ಹಣ ಕೇಳುವಂಥದ್ದು, ತೆಗೆಯಿರಿ. ರಕ್ಷಣೆ ಹೋಗುತ್ತದೆ ಅಂತ ಅದೇ ಹೆದರಿಸುತ್ತದೆ, ನಂಬಬೇಡಿ. ಅದು ಇರುವವರೆಗೆ ವಿಂಡೋಸಿನ ಸ್ವಂತ ಆ್ಯಂಟಿವೈರಸ್ ಆದ ಡಿಫೆಂಡರ್ ಪಕ್ಕಕ್ಕೆ ಸರಿದಿರುತ್ತದೆ, ಅದನ್ನು ತೆಗೆದು ರೀಸ್ಟಾರ್ಟ್ ಮಾಡಿದ ಮೇಲೆ ಡಿಫೆಂಡರ್ ತಾನಾಗೇ ಶುರುವಾಗುತ್ತದೆ, ಮನೆ ಬಳಕೆಗೆ ಅಷ್ಟು ಸಾಕು. ಆಮೇಲೆ ಗೇಮ್‌ಗಳು, ಶಾಪಿಂಗ್ ಆ್ಯಪ್‌ಗಳು, ಯಾರೂ ಕೇಳದ ಫೋಟೊ ಎಡಿಟರ್‌ಗಳು.

ಆದರೆ ಹೆಸರು ಗೊತ್ತಿಲ್ಲ ಅಂತ ಸುಮ್ನೆ ಕಂಡದ್ದನ್ನೆಲ್ಲ ಒತ್ತಬೇಡಿ. ಇಂಟೆಲ್, ಎ.ಎಂ.ಡಿ., ರಿಯಲ್‌ಟೆಕ್ ಅಂತ ಇರುವವು ಜಾಸ್ತಿ ಡ್ರೈವರ್‌ಗೆ (ವೈಫೈ, ಸೌಂಡ್ ಥರದ ಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ಸಂಬಂಧಪಟ್ಟವು, ಅವನ್ನು ಮುಟ್ಟಬೇಡಿ. ಲ್ಯಾಪ್‌ಟಾಪ್ ಕಂಪನಿಯದೇ ಒಂದು ಆ್ಯಪ್ ಇರುತ್ತದಲ್ವಾ, ಲೆನೊವೊ ವ್ಯಾಂಟೇಜ್, ಮೈ ಏಸುಸ್ ಥರದ್ದು, ಅದನ್ನು ನಾನು ಉಳಿಸಿಕೊಳ್ಳುತ್ತೇನೆ. ಬ್ಯಾಟರಿ ಹೆಚ್ಚು ಕಾಲ ಬಾಳಲಿ ಅಂತ ಅದು ಪೂರ್ತಿ ಚಾರ್ಜ್ ಆಗದಂತೆ ತಡೆಯುವ ಆಯ್ಕೆ ಎಷ್ಟೋ ಮಾಡೆಲ್‌ಗಳಲ್ಲಿ ಅದರೊಳಗೇ ಇರುತ್ತದೆ, ಬಯೋಸ್ (ಲ್ಯಾಪ್‌ಟಾಪ್ ಆನ್ ಮಾಡಿದ ತಕ್ಷಣ ಮೊದಲು ಓಡುವ ಮೂಲ ಸಾಫ್ಟ್‌ವೇರ್) ಅಪ್‌ಡೇಟೂ ಅಲ್ಲೇ ಬರುತ್ತದೆ.

ಕೊನೆಗೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಲ್ಯಾಪ್‌ಟಾಪ್ ಆನ್ ಆದಾಗ ತಾವಾಗೇ ಶುರುವಾಗುವ ಆ್ಯಪ್‌ಗಳ ಪಟ್ಟಿಯಾದ ಸ್ಟಾರ್ಟಪ್‌ನಲ್ಲಿ ಬೇಡದ್ದನ್ನು ಡಿಸೇಬಲ್ ಮಾಡಿ.

ಇಷ್ಟೆಲ್ಲ ಯಾಕೆ, ಬಿದ್ದಿರಲಿ ಬಿಡು ಅನ್ನುವವರಿಗೆ ನಾನು ಸೂಪರ್‌ಫಿಶ್ ಕಥೆ ಹೇಳುತ್ತೇನೆ. 2014ರ ಕೊನೆಯ ತಿಂಗಳುಗಳಲ್ಲಿ ಲೆನೊವೊದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಫ್ಟ್‌ವೇರ್ ಮೊದಲೇ ಕೂತು ಬರುತ್ತಿತ್ತು. ನೀವು ನೋಡುವ ವೆಬ್ ಪುಟಗಳ ಮಧ್ಯೆ ಜಾಹೀರಾತು ತೂರಿಸುವುದು ಅದರ ಕೆಲಸ. ಅದಕ್ಕಾಗಿ ತನ್ನದೇ ರೂಟ್ ಸರ್ಟಿಫಿಕೇಟ್, ಅಂದರೆ ಯಾವ ಜಾಲತಾಣ ಅಸಲಿ ಅಂತ ಕಂಪ್ಯೂಟರ್ ನಂಬಲು ಬಳಸುವ ಡಿಜಿಟಲ್ ಪ್ರಮಾಣಪತ್ರ, ಹಾಕಿಕೊಂಡಿತ್ತು, ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ಅದರ ಬೀಗದ ಕೈ ಒಂದೇ, ಆ ಕೀ ಸಿಕ್ಕವರು ಅದೇ ವೈಫೈನಲ್ಲಿ ಕೂತು ನಿಮ್ಮ ಬ್ಯಾಂಕ್ ಪುಟವನ್ನೂ ಓದಬಹುದಿತ್ತು. 2015ರ ಫೆಬ್ರವರಿಯಲ್ಲಿ ಇದು ಬಯಲಾಯಿತು. ಸಾಫ್ಟ್‌ವೇರ್ ತೆಗೆದರೂ ಸರ್ಟಿಫಿಕೇಟ್ ಮಾತ್ರ ಅಲ್ಲೇ ಉಳಿಯುತ್ತಿತ್ತು, ಅದನ್ನು ಬೇರೆಯಾಗಿ ಅಳಿಸಬೇಕಾಯಿತು.

ಅಷ್ಟೂ ನಂಬಿಕೆ ಬಾರದಿದ್ದರೆ ವಿಂಡೋಸನ್ನೇ ಹೊಸದಾಗಿ ಹಾಕಿ. 8 ಜಿ.ಬಿ. ಪೆನ್ ಡ್ರೈವ್ ಸಾಕು, ಮೈಕ್ರೋಸಾಫ್ಟ್ ಜಾಲತಾಣದ ಮೀಡಿಯಾ ಕ್ರಿಯೇಷನ್ ಟೂಲ್ ಅದರೊಳಗೆ ವಿಂಡೋಸ್ ತುಂಬಿಕೊಡುತ್ತದೆ. ವಿಂಡೋಸ್ ಸಮೇತ ಕೊಂಡ ಲ್ಯಾಪ್‌ಟಾಪ್ ಆದರೆ ವಿಂಡೋಸಿನ ಪರವಾನಗಿ ಕೀ ಅದರ ಮದರ್‌ಬೋರ್ಡ್‌ನಲ್ಲೇ ಇರುತ್ತದೆ, ಮತ್ತೆ ಕೊಳ್ಳಬೇಕಾಗಿಲ್ಲ. ವೈಫೈ ಡ್ರೈವರನ್ನು ಮೊದಲೇ ಇಳಿಸಿ ಇನ್ನೊಂದು ಪೆನ್ ಡ್ರೈವ್‌ನಲ್ಲಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಎಲ್ಲ ಮುಗಿದ ಮೇಲೆ ಇಂಟರ್ನೆಟ್ಟೇ ಬರದೆ ಒದ್ದಾಡುತ್ತೀರಿ.

ಆಂಡ್ರಾಯ್ಡ್ ಫೋನಿಗೂ ಇದೇ ದಾರಿ. ಆ್ಯಪ್ ಚಿತ್ರವನ್ನು ಒತ್ತಿ ಹಿಡಿದು ಆ್ಯಪ್ ಇನ್ಫೋಗೆ ಹೋಗಿ. ಅನ್‌ಇನ್‌ಸ್ಟಾಲ್ ಇಲ್ಲದಿದ್ದರೆ ಡಿಸೇಬಲ್ ಒತ್ತಿ. ಜಾಗ ಪೂರ್ತಿ ವಾಪಸ್ ಸಿಗದು, ಆದರೆ ಅದು ಓಡುವುದೂ ಇಲ್ಲ, ನೋಟಿಫಿಕೇಶನ್ ಕಳಿಸುವುದೂ ಇಲ್ಲ. ಫೋನ್ ಮೊದಲ ಸಲ ಸೆಟಪ್ ಮಾಡುವಾಗ ಇನ್ನಷ್ಟು ಆ್ಯಪ್ ಹಾಕಲೇ ಅಂತ ಒಂದು ಪಟ್ಟಿ ತೋರಿಸಿದರೆ, ಮುಂದಕ್ಕೆ ಹೋಗುವ ಮೊದಲು ಅದರಲ್ಲಿರುವ ಟಿಕ್‌ಗಳನ್ನೆಲ್ಲ ತೆಗೆಯಿರಿ.