ಗಿಲಾವು ಬೀಳುವ ಮೊದಲು

ವಿಜಯಪುರದ ಹೊರಗೆ ನಮ್ಮ ವಿಶ್ವವಿದ್ಯಾಲಯದ ಹೊಸ ತರಗತಿ ಕಟ್ಟಡ ಏಳುವಾಗ ಅದರ ದಾಖಲೆ ಇಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಸಿವಿಲ್ ವಿಭಾಗದಲ್ಲಿ ಪಾಠ ಮಾಡುತ್ತೇನೆ, ಫೋಟೋ ತೆಗೆಯೋದು ಹಳೆಯ ಹವ್ಯಾಸ. ವಾರಕ್ಕೆ ನಾಲ್ಕು ಫೋಟೋ, ಕೊನೆಗೆ ಒಂದು ವರದಿ, ಅಷ್ಟೇ ಅಂದುಕೊಂಡಿದ್ದೆ. ಪಾಯ ತೋಡಿದ ವಾರವೇ ಗೊತ್ತಾಯಿತು, ಇದು ಅಷ್ಟು ಸಣ್ಣ ಕೆಲಸ ಅಲ್ಲ ಅಂತ.

ಪರಿಸರಕ್ಕೆ ಹೊರೆಯಾಗದಂತೆ ಕಟ್ಟಿದ ಕಟ್ಟಡದಲ್ಲಿ ಮುಖ್ಯವಾದದ್ದೆಲ್ಲ ಒಳಗೆ ಮುಚ್ಚಿಹೋಗುತ್ತದೆ. ಪಾಯದ ಕೆಳಗಿನ ಗರಸು ಮಣ್ಣು, ಇಟ್ಟಿಗೆಯೊಳಗಿನ ಹಾರುಬೂದಿ (ಕಲ್ಲಿದ್ದಲು ಸುಟ್ಟಾಗ ಉಳಿಯುವ ನುಣ್ಣನೆಯ ಬೂದಿ), ಮಳೆನೀರಿನ ಪೈಪು, ಛಾವಣಿಯ ಮೇಲೆ ಬಿಸಿ ತಡೆಯುವ ಪದರ, ಯಾವುದೂ ಮುಗಿದ ಮೇಲೆ ಕಾಣುವುದಿಲ್ಲ. ಗಿಲಾವು ಬಿದ್ದು ಬಣ್ಣ ಹಚ್ಚಿದರೆ ಅದು ಎಲ್ಲ ಕಟ್ಟಡಗಳ ಹಾಗೇ ಒಂದು ಕಟ್ಟಡ. ಒಳಗೆ ಏನಿದೆ ಅಂತ ಹೇಳೋಕೆ ಉಳಿಯುವುದು ದಾಖಲೆ ಮಾತ್ರ. ಟೆರಿ ಸಂಸ್ಥೆ ಮತ್ತು ಕೇಂದ್ರ ಸಚಿವಾಲಯ ಸೇರಿ ಹಸಿರು ಕಟ್ಟಡಗಳಿಗಾಗಿ ರೂಪಿಸಿದ 'ಗೃಹ' ರೇಟಿಂಗ್‌ನವರೂ ಮೇಲ್ಮಣ್ಣು ಎಲ್ಲಿ ಕಾಪಾಡಿದಿರಿ, ಏನೇನು ಸಾಮಾನು ಬಳಸಿದಿರಿ ಅಂತ ಪುರಾವೆ ಕೇಳುತ್ತಾರೆ.

ಮೊದಲ ಪಾಠ ಕಲಿಸಿದವರು ಗೌಂಡಿ ಕಾಕಾ. ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದನ್ನು ತೆಗೆದು ಗರಸು ತುಂಬಿ, ನೀರು ಹೊಡೆದು, ಪದರ ಪದರವಾಗಿ ಧುಮ್ಮಸ್ ಹಾಕಿ ಗಟ್ಟಿ ಮಾಡುತ್ತಿದ್ದರು. ನಾನು ಗುಂಡಿಯೊಳಗೆ ಇಳಿದು ಟೇಪು ಹಿಡಿದು ಫೋಟೋ ತೆಗೆಯುತ್ತಿದ್ದೆ.

"ಸರ, ಬರೇ ಮಣ್ಣು, ಕಲ್ಲು. ಇದನ್ನ್ಯಾಕ ಫೋಟೋ ಹೊಡೀತೀರಿ? ಬಣ್ಣ ಹಚ್ಚಿದ ಮ್ಯಾಲೆ ಹೊಡೀರಲ್ಲ" ಅಂದರು.

"ಕಾಕಾ, ಆವಾಗ ಇದು ಕಾಣಂಗಿಲ್ಲಲ್ರೀ."

ಸ್ವಲ್ಪ ಹೊತ್ತು ಗುಂಡಿ ನೋಡುತ್ತ ನಿಂತರು. "ಅದೂ ಖರೇನ ಐತಿ" ಅಂದರು. ಮರುವಾರದಿಂದ ಅವರೇ ಫೋನ್ ಮಾಡತೊಡಗಿದರು: "ಸರ, ನಾಳೆ ಮುಂಜಾನೆ ಮುಚ್ಚತೀವಿ, ಬರ್ರಿ." ಆ ಕರೆ ಇಲ್ಲದಿದ್ದರೆ ನನ್ನ ದಾಖಲೆಯಲ್ಲಿ ಅರ್ಧ ಇರುತ್ತಿರಲಿಲ್ಲ. ಇಂಥ ಕೆಲಸ ಹಿಡಿಯುವವರು ಕ್ಯಾಮೆರಾ ಆರಿಸುವ ಮೊದಲು ಗೌಂಡಿಯವರ ಸ್ನೇಹ ಮಾಡಿಕೊಳ್ಳಿ.

ನಾಲ್ಕು ಜಾಗ ಗೊತ್ತು ಮಾಡಿ, ಕಲ್ಲು ಹುಗಿದು ಕೆಂಪು ಬಣ್ಣ ಹಚ್ಚಿದೆ. ಪ್ರತಿ ಸೋಮವಾರ ಮುಂಜಾನೆ 8ಕ್ಕೆ ಅದೇ ಕಲ್ಲಿನ ಮೇಲೆ, ಅದೇ ಎತ್ತರಕ್ಕೆ ಟ್ರೈಪಾಡ್. ಒಂದು ಜಾಗದಿಂದ ದೂರದಲ್ಲಿ ಗೋಳಗುಮ್ಮಟ ಕಾಣುತ್ತಿತ್ತು. ಗುಮ್ಮಟ ಚೌಕಟ್ಟಿನ ಬಲ ಮೂಲೆಗೆ ಬಂದರೆ ಕೋನ ಸರಿಯಾಯಿತು ಅಂತ ಲೆಕ್ಕ. ಎರಡನೇ ಅಂತಸ್ತು ಎದ್ದಾಗ ಗುಮ್ಮಟ ಮರೆಯಾಯಿತು, ಆಮೇಲೆ ಒಂದು ಬೇವಿನ ಮರವನ್ನು ಗುರುತು ಮಾಡಿಕೊಂಡೆ. ಹತ್ತಿರದ ಫೋಟೋಗಳಿಗೆ ಮಗಳ ಹಳೆಯ ಪಾಟಿ. ಬಳಪದಲ್ಲಿ ತಾರೀಖು, ಜಾಗ, ದಿಕ್ಕು ಬರೆದು ಪಕ್ಕಕ್ಕೆ ಇಡುತ್ತಿದ್ದೆ. ಫೋನಿನಲ್ಲಿ ತಾರೀಖು ತಾನೇ ಬರುತ್ತದೆ ನಿಜ. ಆದರೆ ಇದು ಯಾವ ಗೋಡೆ, ಯಾವ ಕಡೆಯಿಂದ ನೋಡಿದ್ದು ಅಂತ ಫೋನಿಗೆ ಗೊತ್ತಿರಲ್ಲ ಅಲ್ವಾ?

ಸಾಮಾನಿನ ಲೆಕ್ಕ ಗೇಟಿನಲ್ಲೇ ಶುರುವಾಗುತ್ತಿತ್ತು. ಲಾರಿ ಬಂದ ಕೂಡಲೇ ಚಲನ್ ಫೋಟೋ, ಎಲ್ಲಿಂದ ಬಂತು ಅನ್ನುವ ಒಂದು ಸಾಲು. ನಮ್ಮ ಜಿಲ್ಲೆಯ ಕೂಡಗಿಯಲ್ಲೇ 2400 ಮೆಗಾವ್ಯಾಟ್‌ನ ಉಷ್ಣ ವಿದ್ಯುತ್ ಸ್ಥಾವರ ಇದೆ. ಕಲ್ಲಿದ್ದಲು ಸುಟ್ಟ ಮೇಲೆ ಉಳಿಯುವ ಬೂದಿ ಇಟ್ಟಿಗೆಯಾದರೆ ಹೊಲದ ಮಣ್ಣು ಉಳಿಯುತ್ತದೆ, ಭಟ್ಟಿಯ ಹೊಗೆಯೂ ಇಲ್ಲ. ಸಿಮೆಂಟು ಕೂಡ ಬೂದಿ ಬೆರೆತ ಪಿಪಿಸಿ. ಅದರಲ್ಲಿ ನೂರಕ್ಕೆ 15ರಿಂದ 35 ಭಾಗ ಹಾರುಬೂದಿ ಇರುತ್ತದೆ. ಒಂದು ಟನ್ ಮಾಮೂಲಿ ಸಿಮೆಂಟು ತಯಾರಾಗುವಾಗ ಅರ್ಧ ಟನ್‌ಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಹಾಗಾಗಿ ಇದೇನು ಸಣ್ಣ ಉಳಿತಾಯ ಅಲ್ಲ.

ಆದರೆ ಬೂದಿ ಬೆರೆತ ಸಿಮೆಂಟು ನಿಧಾನಕ್ಕೆ ಗಟ್ಟಿಯಾಗುತ್ತದೆ. ಗಟ್ಟಿಯಾಗುವವರೆಗೆ ಕಾಂಕ್ರೀಟು ಒಣಗಬಾರದು, ನೀರು ಹೊಡೆದು ಹಸಿ ಇಡಬೇಕು. ಮಾಮೂಲಿ ಸಿಮೆಂಟಿಗೆ ಕನಿಷ್ಠ 7 ದಿನ ಹೀಗೆ ನೀರು ಬೇಕು. ನಮ್ಮಂಥ ಬಿಸಿಲ ನಾಡಿನಲ್ಲಿ ಪಿಪಿಸಿ ಕಾಂಕ್ರೀಟನ್ನು 14 ದಿನ ಹಸಿಯಾಗಿ ಇಡುವುದು ಒಳ್ಳೆಯದು. ನಾನು ತಪ್ಪು ಮಾಡಿದ್ದು ಇಲ್ಲೇ.

ಏಪ್ರಿಲ್ ತಿಂಗಳು. ಹಸಿ ಉಳಿಯಲಿ ಅಂತ ಪಡುವಣ ಸಾಲಿನ ಕಂಬಗಳಿಗೆ ಗೋಣಿತಟ್ಟು ಸುತ್ತಿದ್ದರು. ಗುತ್ತಿಗೆದಾರರ ರಿಜಿಸ್ಟರಿನಲ್ಲಿ ದಿನಾ ಎರಡು ಹೊತ್ತು ನೀರು ಹೊಡೆದ ಲೆಕ್ಕ ಇತ್ತು. ನಾನೂ ದಿನಾ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕುತ್ತಿದ್ದೆ. ಪರೀಕ್ಷೆಯ ಗಡಿಬಿಡಿಯಲ್ಲಿ ಒಂದನ್ನೂ ತೆರೆದು ನೋಡಿರಲಿಲ್ಲ. 12ನೇ ದಿನ ರಾತ್ರಿ ಕುಳಿತು ನೋಡಿದರೆ ಎದೆ ಧಸಕ್ಕೆಂದಿತು. ಹಸಿ ತಟ್ಟು ಕಪ್ಪಗೆ, ಕಂಬಕ್ಕೆ ಅಂಟಿಕೊಂಡು ಕಾಣುತ್ತದೆ. 8ನೇ ದಿನದಿಂದ ನನ್ನ ಫೋಟೋಗಳಲ್ಲಿ ತಟ್ಟು ಬಿಳಚಿಕೊಂಡು, ಅಂಚು ಸುರುಳಿ ಸುತ್ತಿ ನಿಂತಿತ್ತು. ಪಾಟಿಯ ಮೇಲೆ ನನ್ನದೇ ಕೈಬರಹದಲ್ಲಿ ತಾರೀಖು. ಟ್ಯಾಂಕರ್ ಬರದೆ ನೀರು ನಿಂತಿತ್ತು, ರಿಜಿಸ್ಟರ್ ಮಾತ್ರ ಓಡುತ್ತಿತ್ತು.

ಮರುದಿನ ಮುಂಜಾನೆ ಫೋಟೋ ತೋರಿಸಿದೆ. ವಾದ ನಡೆಯಲಿಲ್ಲ. ನೀರು ಮತ್ತೆ ಶುರುವಾಯಿತು, ಆ ಕಂಬಗಳ ಗಟ್ಟಿತನ ಬೇರೆಯಾಗಿ ಪರೀಕ್ಷೆಯಾಯಿತು, ಪಾಸಾದವು. ಆದರೂ ಒಣಗಿದ ಆ ನಾಲ್ಕೈದು ದಿನ ವಾಪಸ್ ಬರಲ್ಲ. ಫೋಟೋ ನನ್ನ ಹತ್ತಿರವೇ ಇತ್ತು, ನಾನು ನೋಡಲಿಲ್ಲ. ಅವತ್ತಿನಿಂದ ಅವತ್ತಿನ ಫೋಟೋ ಅವತ್ತೇ ಸಂಜೆ ನೋಡುವ ನಿಯಮ ಹಾಕಿಕೊಂಡೆ. ಚಹಾ ಕುಡಿಯುತ್ತ ಕಾಕಾನೂ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ನನ್ನ ಕಣ್ಣಿಗೆ ಬೀಳದ್ದು ಅವರಿಗೆ ಬೀಳುತ್ತಿತ್ತು. ಸ್ಲ್ಯಾಬಿನ ಮೇಲೆ ಹೊಲದ ಮಡಿಯಂತೆ ಬದು ಕಟ್ಟಿ ನೀರು ನಿಲ್ಲಿಸಿದ್ದಾಗ ಒಂದು ಮಡಿ ಸೋರುತ್ತಿದ್ದದ್ದನ್ನು ಹಿಡಿದವರು ಅವರೇ.

ಛಾವಣಿಗೆ ಬಿಳಿ ಟೈಲ್ಸ್ ಚೂರು ಹಾಸಿದರು. ಅದಕ್ಕೆ ಮೊದಲು ಮಧ್ಯಾಹ್ನ 3ಕ್ಕೆ ಆ ಕಾಂಕ್ರೀಟಿನ ಮೇಲೆ ಅಂಗೈ ಇಡಲಾಗುತ್ತಿರಲಿಲ್ಲ. ಹಾಸಿದ ಮೇಲೆ ಇಡಬಹುದಿತ್ತು. ಎರಡು ಸಲವೂ ಕೈ ಇಟ್ಟು ನೋಡಿದೆ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಫೋಟೋವನ್ನೂ ತೆಗೆದೆ.

ಮಳೆನೀರಿನ ಪೈಪಿಗೆ ನಾನು ಜಾಸ್ತಿ ಸಮಯ ಕೊಟ್ಟೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. 1000 ಚದರ ಮೀಟರ್ ಛಾವಣಿ ಅಂದರೆ 6 ಲಕ್ಷ ಲೀಟರ್. ಅದರಲ್ಲಿ ಸ್ವಲ್ಪ ಸೋರಿ, ಆವಿಯಾಗಿ ಹೋಗುತ್ತದೆ ಅನ್ನಿ. ಆ ನೀರೆಲ್ಲ ಹರಿಯುವ ಪೈಪಿನ ಪ್ರತಿ ತಿರುವಿಗೂ ಟೇಪು ಹಿಡಿದು, ಗೋಡೆಯಿಂದ ಎಷ್ಟು, ನೆಲದಿಂದ ಎಷ್ಟು ಅಂತ ಫೋಟೋ ತೆಗೆದಿದ್ದೆ.

ಹೋದ ಮಳೆಗಾಲದಲ್ಲಿ ಉತ್ತರದ ಮೂಲೆಯಲ್ಲಿ ನೀರು ಕಟ್ಟಿಕೊಂಡಿತು. ಪ್ಲಂಬರ್ ಸುತ್ತಿಗೆ ಹಿಡಿದು ಬಂದು, "ಎಲ್ಲಿ ಒಡೀಲಿ ಸರ? ಈ ಕಡೆಯಿಂದ ಪೂರಾ ತೆಗೀಬೇಕೇನು?" ಅಂದ. ಕಂಪ್ಯೂಟರ್ ತೆರೆದು ಆ ತಿರುವಿನ ಫೋಟೋ ತೋರಿಸಿದೆ. ಪಾಟಿಯ ಪಕ್ಕದಲ್ಲಿ ಟೇಪು, ಗೋಡೆಯಿಂದ 2 ಅಡಿ 3 ಇಂಚು. ಅವನು ಅಳೆದು ಗುರುತು ಹಾಕಿ, ನೆಲಕ್ಕೆ ಹಾಸಿದ ಒಂದೇ ಒಂದು ಫರ್ಸಿ ಕಲ್ಲು ಎಬ್ಬಿಸಿದ. ತಿರುವು ಅಲ್ಲೇ ಇತ್ತು.