ಪ್ರೈವೇಟ್ ಕ್ಲೌಡ್‌ಗೆ ಟೂಲ್ ಆರಿಸಿದ ಬಗೆ: ನಾವು ಕೆಡವಿ ನೋಡಿದೆವು

ನಮ್ಮ ಪ್ರೈವೇಟ್ ಕ್ಲೌಡ್‌ಗೆ, ಅಂದರೆ ಸಂಸ್ಥೆಯ ಸ್ವಂತ ಯಂತ್ರಗಳ ಮೇಲೆ ನಡೆಯುವ ಕ್ಲೌಡ್‌ಗೆ, ಆರ್ಕೆಸ್ಟ್ರೇಷನ್ ಟೂಲ್ (ಹಲವು ಹೆಜ್ಜೆಗಳ ಕೆಲಸವನ್ನು ಕ್ರಮವಾಗಿ ತಾನೇ ನಡೆಸುವ ತಂತ್ರಾಂಶ) ಆರಿಸುವ ಹೊಣೆ ನನ್ನ ಪಾಲಿಗೆ ಬಂದಾಗ, ಟೂಲ್‌ಗಳ ಕಡೆ ನೋಡುವ ಮೊದಲು ಒಂದು ಹಳೆಯ ಕೋರಿಕೆಯ ಜಾಡು ಹಿಡಿದು ಹೊರಟೆ. ಒಂದು ತಂಡ ವರ್ಚುವಲ್ ಮಷೀನ್ (ದೊಡ್ಡ ಯಂತ್ರದೊಳಗೆ ತಂತ್ರಾಂಶ ಕಟ್ಟಿಕೊಡುವ ಕಂಪ್ಯೂಟರ್) ಬೇಕೆಂದು ಟಿಕೆಟ್ ಹಾಕಿತ್ತು. ಅದು ಅವರ ಕೈಸೇರಿದ್ದು ಒಂಬತ್ತನೆಯ ದಿನ. ನಮ್ಮ ಕ್ಲೌಡ್ ನಡೆಸುವ ತಂತ್ರಾಂಶ ಓಪನ್‌ಸ್ಟ್ಯಾಕ್ ಆ ಮಷೀನನ್ನು ಎಬ್ಬಿಸಲು ತೆಗೆದುಕೊಂಡದ್ದು ಎರಡು ನಿಮಿಷವೂ ಇಲ್ಲ. ಉಳಿದ ದಿನಗಳೆಲ್ಲ ಅನುಮೋದನೆ, ಐಪಿ ವಿಳಾಸ, ಹೆಸರನ್ನು ವಿಳಾಸಕ್ಕೆ ಜೋಡಿಸುವ ಡಿಎನ್‌ಎಸ್ ದಾಖಲೆ, ಫೈರ್‌ವಾಲ್ ನಿಯಮ, ಬ್ಯಾಕಪ್ ಪಟ್ಟಿ ಎಂದು ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಅಲೆಯುವುದರಲ್ಲೇ ಕಳೆದಿದ್ದವು. ಕ್ಲೌಡ್ ಎಂದರೇನು ಎಂದು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2011ರಲ್ಲಿ ಬರೆದ ವ್ಯಾಖ್ಯೆಯ ಐದು ಲಕ್ಷಣಗಳಲ್ಲಿ ಮೊದಲನೆಯದು, ಒದಗಿಸುವವರ ಕಡೆಯ ಮನುಷ್ಯರನ್ನು ಕಾಯದೆ ಬೇಕಾದುದನ್ನು ಬಳಕೆದಾರರೇ ಪಡೆಯುವುದು. ಆ ಲೆಕ್ಕದಲ್ಲಿ ನಮ್ಮಲ್ಲಿದ್ದದ್ದು ಕ್ಲೌಡ್ ಅಲ್ಲ, ವರ್ಚುವಲ್ ಮಷೀನ್‌ಗಳ ಉಗ್ರಾಣ.

ಇದನ್ನು ಮೊದಲೇ ಬರೆದಿಟ್ಟುಕೊಂಡದ್ದು ಒಳ್ಳೆಯದಾಯಿತು. ಡೆಮೊಗಳಲ್ಲಿ ಎಲ್ಲರೂ ತೋರಿಸುವುದು ಆ ಎರಡು ನಿಮಿಷವನ್ನೇ. ಗುಂಡಿ ಒತ್ತಿದರೆ ಮಷೀನ್ ಬರುತ್ತದೆ, ಪರದೆ ಹಸಿರಾಗುತ್ತದೆ. ನಾವು ಪರೀಕ್ಷೆಗೆ ತೆಗೆದುಕೊಂಡ ಮೂರು ಟೂಲ್‌ಗಳೂ ಅದರಲ್ಲಿ ಪಾಸಾದವು. ಅದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ.

ನಿಜವಾದ ಪರೀಕ್ಷೆ ಶುರುವಾದದ್ದು ನಡುವೆ ಕೈ ಹಾಕಿದಾಗ. ವರ್ಚುವಲ್ ಮಷೀನ್ ಎದ್ದ ಮೇಲೆ, ಹೆಸರು ದಾಖಲಾಗುವ ಮುನ್ನ, ಪರೀಕ್ಷಾ ಡಿಎನ್‌ಎಸ್ ಸರ್ವರ್ ಅನ್ನು ನಿಲ್ಲಿಸಿದೆವು. ಮೊದಲ ಟೂಲ್ ‘ವಿಫಲ’ ಎಂದು ತೋರಿಸಿ ಸುಮ್ಮನಾಯಿತು. ಮಷೀನ್, ವಾಲ್ಯೂಮ್ (ಅದರ ಡಿಸ್ಕ್), ಐಪಿ ಎಲ್ಲವೂ ಹಾಗೇ ಉಳಿದವು. ಮತ್ತೆ ಓಡಿಸಿದರೆ ಅದೇ ಕೋರಿಕೆಗೆ ಎರಡನೆಯ ಮಷೀನ್ ಹುಟ್ಟಿತು. ಒಂದೇ ಕೆಲಸವನ್ನು ಹತ್ತು ಸಲ ಓಡಿಸಿದರೂ ಫಲ ಒಂದೇ ಆಗಿರಬೇಕು ಎಂಬುದು ಆಟೊಮೇಷನ್‌ನ ಮೊದಲ ಪಾಠ. ಅದೇ ಇಲ್ಲದ ಟೂಲ್‌ಗೆ ಎಷ್ಟು ಚಂದದ ಪೋರ್ಟಲ್ ಇದ್ದರೇನು? ಎರಡನೆಯದು ನಿಂತ ಜಾಗದಿಂದಲೇ ಮುಂದುವರಿಯಿತು. ಮೂರನೆಯದು ಎಲ್ಲವನ್ನೂ ಹಿಂದಕ್ಕೆ ಕಳಚಿತು. ಈ ಎರಡೂ ನನಗೆ ಒಪ್ಪಿಗೆ. ಆದರೆ ಯಾವುದು ಆಗುತ್ತದೆ ಎಂಬುದು ಮೊದಲೇ ಗೊತ್ತಿರಬೇಕು. ಓಪನ್‌ಸ್ಟ್ಯಾಕ್‌ನದೇ ಆದ ಆರ್ಕೆಸ್ಟ್ರೇಷನ್ ಸೇವೆ ಹೀಟ್‌ನಲ್ಲೂ ಸ್ಟ್ಯಾಕ್ (ಒಟ್ಟಿಗೆ ಕಟ್ಟುವ ಮಷೀನ್ ಮುಂತಾದವುಗಳ ಗುಂಪು) ಕಟ್ಟುವಾಗ ರೋಲ್‌ಬ್ಯಾಕ್, ಅಂದರೆ ಹೀಗೆ ಹಿಂದಕ್ಕೆ ಕಳಚುವುದು, ಬೇಕೆಂದು ನಾವಾಗಿ ಕೇಳದಿದ್ದರೆ ಅದು ನಡೆಯುವುದಿಲ್ಲ.

ಆಮೇಲೆ ಅಳಿಸುವ ಪರೀಕ್ಷೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಕ್ಲೌಡ್‌ನಲ್ಲಿ ಅದು ತಿರುಗುಮುರುಗು. ಕಟ್ಟುವುದು ನಿಮಿಷದ ಕೆಲಸ, ಚೂರೂ ಉಳಿಯದಂತೆ ಕೆಡವುವುದೇ ಕಷ್ಟ. ಐವತ್ತು ಮಷೀನ್ ಕಟ್ಟಿ, ಐವತ್ತನ್ನೂ ಟೂಲ್ ಮೂಲಕವೇ ಅಳಿಸಿ, ಬಳಿಕ ಟೂಲ್‌ನ ಮಾತು ನಂಬದೆ ಓಪನ್‌ಸ್ಟ್ಯಾಕ್, ಡಿಎನ್‌ಎಸ್ ಮತ್ತು ಫೈರ್‌ವಾಲ್ ಒಳಗೆ ನಾವೇ ಹುಡುಕಿದೆವು. ವಾಲ್ಯೂಮ್‌ನಿಂದ ಬೂಟ್ ಆದ ಮಷೀನ್‌ಗಳ ಡಿಸ್ಕ್‌ಗಳು ಹಾಗೇ ಬಿದ್ದಿದ್ದವು. ಮಷೀನಿನ ಜೊತೆಗೆ ವಾಲ್ಯೂಮ್ ಕೂಡ ಹೋಗಬೇಕು ಎಂಬ ಗುರುತನ್ನು ಕಟ್ಟುವಾಗಲೇ ಹಾಕದಿದ್ದರೆ, ಓಪನ್‌ಸ್ಟ್ಯಾಕ್‌ನಲ್ಲಿ ಮಷೀನ್‌ಗಳನ್ನು ನೋಡಿಕೊಳ್ಳುವ ಭಾಗವಾದ ನೋವಾ ಅದನ್ನು ಉಳಿಸಿಕೊಳ್ಳುತ್ತದೆ. ಸೆಫ್ ಎಂಬ ಶೇಖರಣಾ ವ್ಯವಸ್ಥೆಯಲ್ಲಿ ಪ್ರತಿಯೊಂದಕ್ಕೂ ಮೂರು ಪ್ರತಿ ಇಡುವವರಿಗೆ, ಮರೆತ 100 ಜಿಬಿ ಡಿಸ್ಕ್ ತುಂಬಿದ್ದರೆ ನುಂಗುವುದು 300 ಜಿಬಿ.

ಜಾಗ ಹೋದರೆ ಹೋಗಲಿ, ನನಗೆ ಭಯ ಹುಟ್ಟಿಸಿದ್ದು ಫೈರ್‌ವಾಲ್. ಅಳಿದ ಮಷೀನಿನ ಐಪಿಗೆ ಡೇಟಾಬೇಸ್ ತಲುಪಲು ಕೊಟ್ಟಿದ್ದ ಅನುಮತಿ ಹಾಗೇ ಉಳಿದಿತ್ತು, ಐಪಿ ಮಾತ್ರ ಬಿಡುಗಡೆಯಾಗಿತ್ತು. ನಾಳೆ ಆ ವಿಳಾಸ ಬೇರೊಂದು ತಂಡದ ಮಷೀನ್‌ಗೆ ಸಿಕ್ಕರೆ ಬಾಗಿಲು ತಾನಾಗಿ ತೆರೆದಿರುತ್ತದೆ. ಮೂರರಲ್ಲಿ ಒಂದು ಟೂಲ್ ಕೂಡ ಇದನ್ನು ತಾನಾಗಿ ಸರಿಪಡಿಸಲಿಲ್ಲ. ಹಾಗಾಗಿ ನಮ್ಮ ಪ್ರಶ್ನೆಯನ್ನೇ ಬದಲಿಸಿಕೊಂಡೆವು: ಅಳಿಸುವ ಹಾದಿಯಲ್ಲಿ ನಮ್ಮದೇ ಹೆಜ್ಜೆಯನ್ನು ಸೇರಿಸಲು ಟೂಲ್ ಬಿಡುತ್ತದೆಯೇ, ಆ ಹೆಜ್ಜೆ ತಪ್ಪಿದರೆ ಐಪಿಯನ್ನು ಬಿಟ್ಟುಕೊಡದೆ ತಡೆಯುತ್ತದೆಯೇ? ಈ ಪ್ರಶ್ನೆಗೆ ಒಂದು ಟೂಲ್ ಬಿದ್ದುಹೋಯಿತು.

ಅನುಮತಿಗಳ ವಿಷಯಕ್ಕೆ ಎರಡು ದಿನ ಸಾಕೆಂದುಕೊಂಡಿದ್ದೆ, ಎರಡು ವಾರ ಹಿಡಿಯಿತು. ಒಂದು ಟೂಲ್‌ಗೆ ಇಡೀ ಕ್ಲೌಡ್‌ನ ಅಡ್ಮಿನ್ ಪಾಸ್‌ವರ್ಡೇ ಬೇಕಿತ್ತು. ಯಾರು ಏನು ಮಾಡಿದರೂ, ಓಪನ್‌ಸ್ಟ್ಯಾಕ್‌ನಲ್ಲಿ ಬಳಕೆದಾರರ ಗುರುತು ಪರಿಶೀಲಿಸುವ ಕೀಸ್ಟೋನ್‌ನ ದಾಖಲೆಯಲ್ಲಿ ಕಾಣುತ್ತಿದ್ದದ್ದು ಟೂಲ್‌ನ ಹೆಸರು. ತನಿಖೆಯ ದಿನ ಅಂಥ ದಾಖಲೆಯಿಂದ ಪ್ರಯೋಜನವಿಲ್ಲ. ಓಪನ್‌ಸ್ಟ್ಯಾಕ್‌ನಲ್ಲಿ 2018ರ ಕ್ವೀನ್ಸ್ ಆವೃತ್ತಿಯಿಂದ ಅಪ್ಲಿಕೇಷನ್ ಕ್ರೆಡೆನ್ಷಿಯಲ್ ಇದೆ. ಒಂದು ಪ್ರಾಜೆಕ್ಟ್‌ಗೆ ಸೀಮಿತವಾದ, ಬೇಕಿದ್ದರೆ ಅವಧಿಯನ್ನೂ ಗೊತ್ತುಮಾಡಬಹುದಾದ ಗುರುತುಪತ್ರ ಅದು. ಅದನ್ನು ಬಳಸಲು ಬರುವ ಟೂಲ್ ಮಾತ್ರ ಸಾಕು ಎಂದು ಪಟ್ಟು ಹಿಡಿದೆ. ಪಠ್ಯ ಕಡತದಲ್ಲಿ ಬರೆದದ್ದನ್ನು ಓದಿ ಮಷೀನ್‌ಗಳನ್ನು ಕಟ್ಟುವ ಟೆರಾಫಾರ್ಮ್ ಬಗೆಯ ಟೂಲ್‌ಗಳು, ತಾವು ಕಟ್ಟಿದ್ದರ ಲೆಕ್ಕವಿಡುವ ಸ್ಟೇಟ್ ಕಡತದಲ್ಲಿ ಗುಟ್ಟಿನ ಪದಗಳು ಬಯಲಾಗಿಯೇ ಕುಳಿತಿರಬಹುದು. ಅದನ್ನು ಎಲ್ಲಿ ಇಡುತ್ತೀರಿ, ಯಾರು ಓದಬಲ್ಲರು, ಇಬ್ಬರು ಒಟ್ಟಿಗೆ ಓಡಿಸಿದರೆ ಬೀಗ ಬೀಳುತ್ತದೆಯೇ ಎಂಬುದನ್ನು ಮೊದಲ ದಿನವೇ ನೋಡಿ.

ಪ್ರೈವೇಟ್ ಕ್ಲೌಡ್‌ಗೆ ಗೋಡೆಗಳಿವೆ. ನೋವಾ ಮೂಲ ಹೊಂದಾಣಿಕೆಯಲ್ಲಿ ಒಂದು ಸಿಪಿಯುವನ್ನು ಹಲವು ವರ್ಚುವಲ್ ಸಿಪಿಯುಗಳಾಗಿ ಹಂಚಲು ಸಿದ್ಧ (2023ರ ಆವೃತ್ತಿಗೆ ಮುನ್ನ 16, ಆಮೇಲೆ 4), ತಂಡಗಳಿಗೆ ಗೊತ್ತುಮಾಡಿದ ಕೋಟಾಗಳ ಮೊತ್ತ ನಿಜವಾದ ಯಂತ್ರಗಳನ್ನು ಮೀರಿದರೂ ಯಾರೂ ತಡೆಯುವುದಿಲ್ಲ. ಒಂದು ದಿನ ‘ನೋ ವ್ಯಾಲಿಡ್ ಹೋಸ್ಟ್’ (ಮಷೀನ್ ಇಡಲು ತಕ್ಕ ಯಂತ್ರವಿಲ್ಲ) ಎಂಬ ಸಂದೇಶ ಬರುತ್ತದೆ. ಅದನ್ನು ಟೂಲ್ ಬಳಕೆದಾರರಿಗೆ ಹೇಗೆ ಹೇಳುತ್ತದೆ ಎಂದು ನೋಡಲು ಬೇಕೆಂದೇ ಜಾಗ ತುಂಬಿಸಿದೆವು. ಒಂದರಲ್ಲಿ ಕೋರಿಕೆ ‘ನಡೆಯುತ್ತಿದೆ’ ಎಂದೇ ಇಡೀ ರಾತ್ರಿ ಕುಳಿತಿತ್ತು.

ಕೊನೆಗೆ, ಬಿಟ್ಟು ಹೋಗುವ ದಾರಿ. 2023ರ ಆಗಸ್ಟ್‌ನಲ್ಲಿ ಟೆರಾಫಾರ್ಮ್‌ನ ಪರವಾನಗಿ ಮುಕ್ತ ತಂತ್ರಾಂಶದ ಚೌಕಟ್ಟಿನಿಂದ ಹೊರಬಂದಾಗ, ಸಮುದಾಯ ಹಳೆಯ ಕೋಡ್‌ನಿಂದ ಓಪನ್‌ಟೋಫುವನ್ನು ಬೆಳೆಸಿತು. ಪಠ್ಯ ಕಡತಗಳಲ್ಲಿ ಟೆಂಪ್ಲೇಟ್ ಇಟ್ಟುಕೊಂಡವರಿಗೆ ಹೀಗೆ ದಾಟುವ ಅವಕಾಶವಿರುತ್ತದೆ. ಚಿತ್ರ ಎಳೆದು ಜೋಡಿಸುವ ಡಿಸೈನರ್‌ನೊಳಗೆ ಎಲ್ಲವನ್ನೂ ಇಟ್ಟವರಿಗೆ ಆ ಅವಕಾಶ ಕಡಿಮೆ. ನಾವು ಪರೀಕ್ಷೆಯ ಕೊನೆಯ ವಾರ ಟೂಲ್‌ಗಳನ್ನೇ ತೆಗೆದುಹಾಕಿ, ಕಟ್ಟಿದ ಮಷೀನ್‌ಗಳನ್ನು ಕೈಯಿಂದ ನಿರ್ವಹಿಸಿ ನೋಡಿದೆವು.

ಉಳಿದದ್ದು ಎರಡನೆಯ ಟೂಲ್. ಅದರ ಪೋರ್ಟಲ್ ಮೂರರಲ್ಲಿ ತೀರಾ ಸಾದಾ, ಅದಕ್ಕಾಗಿ ನನ್ನ ತಂಡದಲ್ಲೇ ವಿರೋಧವಿತ್ತು. ಫೈರ್‌ವಾಲ್ ನಿಯಮ ತೆಗೆಯುವ ಹೆಜ್ಜೆಯನ್ನು ನಾವೇ ಆನ್ಸಿಬಲ್ ಎಂಬ ಆಟೊಮೇಷನ್ ಟೂಲ್‌ನಲ್ಲಿ ಬರೆದು ಸೇರಿಸಿದೆವು. ಐವತ್ತು ಕಟ್ಟಿ ಐವತ್ತು ಅಳಿಸುವ ಪರೀಕ್ಷೆಯನ್ನು ಟೂಲ್‌ನ ಪ್ರತಿ ಅಪ್‌ಗ್ರೇಡ್‌ಗೂ ಮುನ್ನ ಈಗಲೂ ಓಡಿಸುತ್ತೇವೆ. ಒಂದೇ ಒಂದು ವಾಲ್ಯೂಮ್ ಉಳಿದರೂ ಆ ಅಪ್‌ಗ್ರೇಡ್ ಮುಂದೆ ಹೋಗುವುದಿಲ್ಲ.